ಮುದ್ರಣ ನಿಂತ ಸಸ್ಯ ಪುಸ್ತಕಗಳನ್ನು ಕಡಿಮೆ ಖರ್ಚಿನಲ್ಲಿ ಹುಡುಕುವುದು ಹೇಗೆ?

"ಗ್ಯಾಂಬಲ್ ಸೆಟ್ ಎಲ್ಲಿ ಸಿಗುತ್ತೆ ಸಾರ್?" "ಸಾಲ್ಡಾನಾ ಅವರ ಫ್ಲೋರಾ ಯಾರ ಹತ್ರನಾದ್ರೂ ಇದೆಯಾ?" "ಆನ್‌ಲೈನ್‌ನಲ್ಲಿ ಸಿಕ್ಕಾಪಟ್ಟೆ ರೇಟು ಹೇಳ್ತಿದ್ದಾರೆ, ಕೊಡಬಹುದಾ?" ಸಸ್ಯಶಾಸ್ತ್ರದ ಮೇಷ್ಟ್ರುಗಳು, ಆರ್ಕಿಡ್ ಬೆಳೆಸುವವರು, ನಾಟಿ ಔಷಧಿಯ ಆಸಕ್ತರು, ಕಾಡು ಸುತ್ತುವವರು ಎಲ್ಲರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದ ಗಿಡಮರಗಳಿಗೆ ಬೇಕಾಗುವ ಪುಸ್ತಕಗಳದ್ದು. ಹುಡುಕುವ ದಾರಿ ಮಾತ್ರ ಯಾವ ಹಳೆಯ ಸಸ್ಯ ಪುಸ್ತಕಕ್ಕಾದರೂ ಇದೇ.

ಫ್ಲೋರಾ ಅಂದರೆ ಒಂದು ಪ್ರದೇಶದಲ್ಲಿ ಬೆಳೆಯುವ ಗಿಡಗಳನ್ನು ಕುಟುಂಬವಾರು ವಿವರಿಸುವ ಪುಸ್ತಕ. ಅದರಲ್ಲಿ 'ಕೀ' ಇರುತ್ತದೆ. ಎಲೆ ಎದುರುಬದುರೋ ಒಂದು ಬಿಟ್ಟು ಒಂದೋ, ಕೇಸರ ಐದೋ ಹತ್ತೋ ಎಂದು ಕೇಳುತ್ತ ಕೇಳುತ್ತ ಗಿಡದ ಹೆಸರಿನವರೆಗೆ ಕರೆದೊಯ್ಯುವ ಪ್ರಶ್ನೆಗಳ ಸಾಲು ಅದು. ಈ ಎರಡು ಪದ ಗೊತ್ತಿದ್ದರೆ ಶುರು ಮಾಡಬಹುದು.

ಹಂತ 1: ಪುಸ್ತಕ ಬೇಕೋ, ಅದರೊಳಗಿನ ಪುಟ ಬೇಕೋ?

ಮೊದಲು ಇದನ್ನು ತೀರ್ಮಾನಿಸಿ. ಜಾಸ್ತಿ ದುಡ್ಡು ಉಳಿಯುವುದು ಇಲ್ಲೇ.

ನಿಮಗೆ ಬೇಕಾದ್ದು ಒಂದು ಕುಟುಂಬದ ವಿವರ ಮಾತ್ರವೇ? ಉದಾಹರಣೆಗೆ ಬರೀ ಆರ್ಕಿಡ್‌ಗಳು, ಇಲ್ಲವೇ ಬರೀ ಹುಲ್ಲುಗಳು? ಹಾಗಿದ್ದರೆ ಪೂರ್ತಿ ಸೆಟ್ ಕೊಳ್ಳುವುದು ಸುಮ್ನೆ ಖರ್ಚು. 3ನೇ ಹಂತಕ್ಕೆ ಹೋಗಿ, ಅಲ್ಲೇ ಕೆಲಸ ಮುಗಿಯಬಹುದು. ಗಿಡ ಮುಂದಿಟ್ಟುಕೊಂಡು ಪುಟ ಹಿಂದೆ ಮುಂದೆ ತಿರುವುತ್ತಾ ಕೂರುವವರಾದರೆ ಮಾತ್ರ ಕಾಗದದ ಪುಸ್ತಕವೇ ಬೇಕು. ಆಗಲೂ ನಿಮಗೆ ಬೇಕಾದ್ದು ಮರುಮುದ್ರಣ, ಮೊದಲ ಮುದ್ರಣವಲ್ಲ. ಮೊದಲ ಮುದ್ರಣ ಸಂಗ್ರಾಹಕರ ಸರಕು. ಅದರ ಬೆಲೆಗೂ ಒಳಗಿನ ವಿಷಯಕ್ಕೂ ಸಂಬಂಧವಿಲ್ಲ.

ಹಂತ 2: ಯಾವ ಪುಸ್ತಕ, ಯಾವ ಮುದ್ರಣ, ಎಷ್ಟು ಸಂಪುಟ?

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಈ ಹಂತವನ್ನು ಬಿಟ್ಟು ಮುಂದೆ ಓಡಿದಾಗ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಊರು ಬ್ರಿಟಿಷರ ಕಾಲದಲ್ಲಿ ಎಲ್ಲಿತ್ತು ಎಂದು ನೋಡಿಕೊಳ್ಳಿ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿ. ಉತ್ತರ ಕನ್ನಡವೂ 1862ರಿಂದ ಮುಂಬಯಿಗೇ ಸೇರಿತ್ತು. ಹಾಗಾಗಿ ಶಿರಸಿ, ಕಾರವಾರದ ಗಿಡ ಹುಡುಕುವವರು ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತ್ಯದ ಫ್ಲೋರಾ ಕೊಂಡು ಕೂತರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಅವರಿಗೆ ಮೊದಲು ಬೇಕಾದ್ದು ಕುಕ್ ಬರೆದ ಮುಂಬಯಿ ಪ್ರಾಂತ್ಯದ ಫ್ಲೋರಾ.

ಈಗ ಒಂದೊಂದಾಗಿ ನೋಡೋಣ.

ಹುಕರ್ ಅವರ ಬ್ರಿಟಿಷ್ ಇಂಡಿಯಾದ ಫ್ಲೋರಾ 1872ರಿಂದ 1897ರವರೆಗೆ 7 ಸಂಪುಟಗಳಲ್ಲಿ ಬಂತು. ಇಡೀ ದೇಶದ್ದು. ಒಂದು ಜಿಲ್ಲೆಯ ಗಿಡ ಗುರುತಿಸಲು ಅದು ತೀರಾ ದೊಡ್ಡದಾಯಿತು.

ಮದ್ರಾಸ್ ಪ್ರಾಂತ್ಯದ ಫ್ಲೋರಾ 1915ರಿಂದ 1936ರವರೆಗೆ 11 ಭಾಗಗಳಲ್ಲಿ ಬಂತು. ಮೊದಲ 7 ಭಾಗ ಗ್ಯಾಂಬಲ್ ಬರೆದದ್ದು. ಅವರು 1925ರಲ್ಲಿ ತೀರಿಕೊಂಡ ಮೇಲೆ ಉಳಿದದ್ದನ್ನು ಫಿಶರ್ ಮುಗಿಸಿದರು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ, ಅಂದರೆ ಬಿಎಸ್‌ಐ, 1957ರಲ್ಲಿ ಇದನ್ನು 3 ಸಂಪುಟಗಳಾಗಿ ಮರುಮುದ್ರಿಸಿತು. ಹಳೆ ಪುಸ್ತಕದಂಗಡಿಯಲ್ಲಿ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಈ ಮರುಮುದ್ರಣ ಅಥವಾ ಅದರ ನಂತರದ್ದು.

ಕುಕ್ ಅವರ ಮುಂಬಯಿ ಪ್ರಾಂತ್ಯದ ಫ್ಲೋರಾ 1901ರಿಂದ 1908ರ ನಡುವೆ 2 ಸಂಪುಟಗಳಲ್ಲಿ ಬಂತು. ಬಿಎಸ್‌ಐ 1958ರಲ್ಲಿ ಮರುಮುದ್ರಿಸುವಾಗ ಅದನ್ನು 3 ಸಂಪುಟ ಮಾಡಿತು. ಇಲ್ಲೊಂದು ಗುಂಡಿ ಇದೆ, ನೋಡಿ. ಮೂಲದ '2ನೇ ಸಂಪುಟ'ವೂ ಮರುಮುದ್ರಣದ '2ನೇ ಸಂಪುಟ'ವೂ ಒಂದೇ ಅಲ್ಲ. ಒಬ್ಬರ ಹತ್ತಿರ ಒಂದನೇ ಸಂಪುಟ, ಇನ್ನೊಬ್ಬರ ಹತ್ತಿರ ಎರಡನೆಯದು ಕೊಂಡು ಸೆಟ್ ಕೂಡಿಸಲು ಹೊರಟರೆ ನಡುವೆ ಕೆಲವು ಕುಟುಂಬಗಳೇ ಬಿಟ್ಟುಹೋಗಬಹುದು. ಬಿಡಿ ಸಂಪುಟಗಳನ್ನು ಕೂಡಿಸುವುದು ಒಳ್ಳೆಯ ಉಪಾಯವೇ, ಬೆಲೆಯೂ ಇಳಿಯುತ್ತದೆ. ಆದರೆ ಎಲ್ಲವೂ ಒಂದೇ ಮುದ್ರಣದವಾಗಿರಲಿ.

ಪುಟಸಂಖ್ಯೆಯೂ ಹಾಗೇ. ಗ್ಯಾಂಬಲ್, ಕುಕ್ ಎರಡರ ಮರುಮುದ್ರಣದಲ್ಲೂ ಪುಟಸಂಖ್ಯೆ ಬದಲಾಗಿದೆ. ಈಚಿನ ಸಸ್ಯ ಪುಸ್ತಕಗಳಲ್ಲಿ ಗ್ಯಾಂಬಲ್ ಹೆಸರಿನ ಮುಂದೆ ಒಂದು ಪುಟಸಂಖ್ಯೆ, ಅದರ ಪಕ್ಕ ಕಂಸದಲ್ಲಿ ಇನ್ನೊಂದು ಇರುತ್ತದೆ. ಮೊದಲನೆಯದು ಮೂಲದ್ದು, ಕಂಸದೊಳಗಿನದು ಮರುಮುದ್ರಣದ್ದು. ಇದು ಗೊತ್ತಿಲ್ಲದೆ "ನನ್ನ ಪ್ರತಿಯಲ್ಲಿ ಆ ಪುಟದಲ್ಲಿ ಆ ಗಿಡ ಇಲ್ಲ, ಪುಸ್ತಕ ಡೂಪ್ಲಿಕೇಟು" ಎಂದು ಗಾಬರಿಯಾದವರಿದ್ದಾರೆ.

ಇನ್ನು ಸಾಲ್ಡಾನಾ. ಸಿಸಿಲ್ ಸಾಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಅವರ ಹಾಸನ ಜಿಲ್ಲೆಯ ಫ್ಲೋರಾ 1976ರದ್ದು, ಒಂದೇ ಸಂಪುಟ. ಮಲೆನಾಡಿನ ಅಂಚಿನವರಿಗೆ ನಾನು ಮೊದಲು ಹೇಳುವುದು ಈ ಪುಸ್ತಕವನ್ನೇ. ಕರ್ನಾಟಕದ ಫ್ಲೋರಾ ಬೇರೆ: 1984ರಲ್ಲಿ ಒಂದು ಸಂಪುಟ, 1996ರಲ್ಲಿ ಇನ್ನೊಂದು. ಮುಂದಿನ ಸಂಪುಟಗಳು ಬರಲೇ ಇಲ್ಲ. ಮೂರನೆಯದಕ್ಕಾಗಿ ಅಂಗಡಿ ಅಂಗಡಿ ತಿರುಗಬೇಡಿ. ಬಂದಿರುವ ಎರಡರಲ್ಲಿ ಆರ್ಕಿಡ್, ಹುಲ್ಲು, ತಾಳೆ ಜಾತಿ ಯಾವುದೂ ಇಲ್ಲ. ತುಂಬೆ, ಸೂರ್ಯಕಾಂತಿಯ ಕುಟುಂಬಗಳೂ ಇಲ್ಲ. ಆರ್ಕಿಡ್‌ಗೆಂದು ಇದನ್ನು ದುಬಾರಿ ಬೆಲೆಗೆ ಕೊಂಡರೆ ಆಮೇಲೆ ಬೇಜಾರಾಗುತ್ತದೆ.

ಔಷಧಿ ಗಿಡಗಳಿಗೆ ಎಲ್ಲರೂ ಕೇಳುವುದು ಕೀರ್ತಿಕರ್ ಮತ್ತು ಬಸು ಅವರ ಪುಸ್ತಕ. 1930ರ ದಶಕದ ಎರಡನೇ ಆವೃತ್ತಿಯಲ್ಲಿ ಬರಹದ ಸಂಪುಟಗಳೇ ಬೇರೆ, ಚಿತ್ರದ ಸಂಪುಟಗಳೇ ಬೇರೆ. ಬರೀ ಬರಹದ ಸಂಪುಟಗಳನ್ನು ಜೋಡಿಸಿ 'ಪೂರ್ತಿ ಸೆಟ್' ಎಂದು ಮಾರುವುದುಂಟು. ಚಿತ್ರವೂ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಸಂಪುಟ. ಐಎಸ್‌ಬಿಎನ್ ನಂಬಿಕೊಳ್ಳಬೇಡಿ. 1970ಕ್ಕಿಂತ ಹಿಂದಿನ ಪುಸ್ತಕಗಳಿಗೆ ಆ ಸಂಖ್ಯೆಯೇ ಇರುವುದಿಲ್ಲ.

ಹಂತ 3: ಪುಕ್ಕಟೆ ಸಿಗುವುದನ್ನು ಮೊದಲು ನೋಡಿ

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಚಿಕ್ಕದಾಗಿ ಬಿಎಚ್‌ಎಲ್. ದೊಡ್ಡ ದೊಡ್ಡ ಸಸ್ಯೋದ್ಯಾನಗಳ, ಮ್ಯೂಸಿಯಂಗಳ ಗ್ರಂಥಾಲಯಗಳು ಸೇರಿ ನಡೆಸುವ ಜಾಲತಾಣ. ಹುಕರ್, ಕುಕ್, ರಾಬರ್ಟ್ ವೈಟ್ ಅವರ 2101 ಚಿತ್ರಗಳ ದೊಡ್ಡ ಸಂಗ್ರಹ, ಇಂಥವೆಲ್ಲ ಅಲ್ಲಿ ಪುಕ್ಕಟೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಒಮ್ಮೆ ಹುಡುಕಿ. ಭಾರತದ ಗ್ರಂಥಾಲಯಗಳಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಅಲ್ಲಿ ರಾಶಿ ಇವೆ.

ಬಿಎಚ್‌ಎಲ್‌ನಲ್ಲಿ ಪುಸ್ತಕದ ಹೆಸರು ಮಾತ್ರವಲ್ಲ, ಗಿಡದ ವೈಜ್ಞಾನಿಕ ಹೆಸರು ಹಾಕಿಯೂ ಹುಡುಕಬಹುದು. ಆ ಹೆಸರು ಯಾವ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ತೋರಿಸುತ್ತದೆ. ಆದರೆ ಹಳೆ ಪುಸ್ತಕಕ್ಕೆ ಹಳೆ ಹೆಸರೇ ಬೇಕು. ಮುತ್ತುಗಕ್ಕೆ ಈಗ ಬ್ಯೂಟಿಯಾ ಮೊನೊಸ್ಪರ್ಮಾ ಎನ್ನುತ್ತಾರೆ. ಹುಕರ್, ಗ್ಯಾಂಬಲ್ ಇಬ್ಬರೂ ಬರೆದದ್ದು ಬ್ಯೂಟಿಯಾ ಫ್ರಾಂಡೋಸಾ. ಹೊಂಗೆ ಆಗ ಪೊಂಗಾಮಿಯಾ ಗ್ಲಾಬ್ರಾ. ಸಂಪಿಗೆ ಆಗ ಮಿಚೇಲಿಯಾ, ಈಗ ಮ್ಯಾಗ್ನೋಲಿಯಾ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ 'ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್' ತಾಣದಲ್ಲಿ ಈಗಿನ ಹೆಸರು ಹಾಕಿದರೆ ಹಳೆ ಹೆಸರುಗಳ ಪಟ್ಟಿ ಕೆಳಗೇ ಇರುತ್ತದೆ. ಅದನ್ನು ತಂದು ಬಿಎಚ್‌ಎಲ್‌ನಲ್ಲಿ ಹಾಕಿ.

ಕರ್ನಾಟಕದ್ದಷ್ಟೇ ಸಾಕು ಎನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಫ್ಲೋರಾ ಇದೆ. ಫೋಟೊ, ಎಲ್ಲೆಲ್ಲಿ ಸಿಗುತ್ತದೆ ಎಂಬ ವಿವರ ಎಲ್ಲ ಇದೆ. ಪುಸ್ತಕ ಕೊಳ್ಳುವ ಯೋಚನೆಯನ್ನೇ ಬಿಟ್ಟವರೂ ಇದ್ದಾರೆ, ಇದನ್ನು ನೋಡಿದ ಮೇಲೆ.

ಪ್ರಿಂಟ್ ತೆಗೆಸುವುದಾದರೆ ಇಡೀ ಸಂಪುಟ ಬೇಡ. ನಿಮಗೆ ಬೇಕಾದ ಕುಟುಂಬದ ಪುಟಗಳು, ಶುರುವಿನಲ್ಲಿರುವ ಕೀ, ಕೊನೆಯ ಸೂಚಿ, ಇಷ್ಟೇ ಸಾಕು. ಈ ಪುಸ್ತಕಗಳ ಪುಟ ಚಿಕ್ಕದು. ಎ4 ಹಾಳೆ ಅಡ್ಡ ಇಟ್ಟು ಎರಡು ಪುಟ ಹಾಕಿಸಿದರೂ ಅಕ್ಷರ ಆರಾಮಾಗಿ ಓದಲು ಬರುತ್ತದೆ. ಝೆರಾಕ್ಸ್ ಅಂಗಡಿಯವರಿಗೆ ಕಪ್ಪುಬಿಳುಪು ಎಂದು ಮೊದಲೇ ಹೇಳಿ. ಹಳದಿ ಕಾಗದದ ಸ್ಕ್ಯಾನನ್ನು ಕಲರ್‌ನಲ್ಲಿ ತೆಗೆದು ಬಿಲ್ ಕೈಗಿಟ್ಟರೆ ಕಷ್ಟ.

ಕಾನೂನಿನ ಮಾತು ಎರಡೇ ಸಾಲು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹುಕರ್, ಕುಕ್, ಗ್ಯಾಂಬಲ್ ಬರೆದದ್ದಕ್ಕೆ ತೊಂದರೆಯಿಲ್ಲ. ಹಾಸನ ಜಿಲ್ಲೆಯ ಫ್ಲೋರಾ, ಕರ್ನಾಟಕದ ಫ್ಲೋರಾ ಇವುಗಳ ಹಕ್ಕು ಇನ್ನೂ ಇದೆ. ಅವುಗಳ ಪಿಡಿಎಫ್ ವಾಟ್ಸ್ಆಪ್‌ನಲ್ಲಿ ಹಂಚುವುದು ಸರಿಯಲ್ಲ.

ಹಂತ 4: ಪ್ರಕಾಶಕರನ್ನೇ ಕೇಳಿ

'ಔಟ್ ಆಫ್ ಪ್ರಿಂಟ್' ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ಪುಸ್ತಕ ಮುಗಿದಿದೆ ಎಂದಲ್ಲ. ಅವರ ವಿತರಕರ ಹತ್ತಿರ ಇಲ್ಲ ಎಂದಷ್ಟೇ ಅರ್ಥ. ಗೋದಾಮಿನಲ್ಲಿ ಕಟ್ಟು ಬಿಚ್ಚದೆ ಕೂತಿರಬಹುದು.

ಬಿಎಸ್‌ಐನ ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ. ನಮಗೆ ಹತ್ತಿರದವು ಕೊಯಮತ್ತೂರು ಮತ್ತು ಪುಣೆಯ ವಲಯ ಕಚೇರಿಗಳು. ಮಾರಾಟದ ಪಟ್ಟಿ ಕಳಿಸಿ ಎಂದು ಇಮೇಲ್ ಹಾಕಿ. ಸರ್ಕಾರಿ ಪುಸ್ತಕವಾದ್ದರಿಂದ ದಾಸ್ತಾನಿದ್ದರೆ ಹೊರಗಿನ ಬೆಲೆಗಿಂತ ಎಷ್ಟೋ ಅಗ್ಗ. ಉತ್ತರ ಬರಲು ಟೈಮ್ ಹಿಡಿಯುತ್ತದೆ, ಇನ್ನೊಮ್ಮೆ ನೆನಪಿಸಿ.

ಡೆಹ್ರಾಡೂನ್ ಇನ್ನೊಂದು ಮುಖ್ಯ ಜಾಗ. ಅರಣ್ಯ ಸಂಶೋಧನಾ ಸಂಸ್ಥೆ ಇರುವ ಊರಾದ್ದರಿಂದ ಸಸ್ಯ ಪುಸ್ತಕಗಳನ್ನೇ ಮರುಮುದ್ರಿಸುವ ಪ್ರಕಾಶಕರು ಅಲ್ಲಿದ್ದಾರೆ. ಬಿಶನ್ ಸಿಂಗ್ ಮಹೇಂದ್ರ ಪಾಲ್ ಸಿಂಗ್ ಅವರದ್ದು ಅದರಲ್ಲಿ ಹಳೆಯ ಹೆಸರು. ಹುಕರ್, ಗ್ಯಾಂಬಲ್, ಕೀರ್ತಿಕರ್ ಎಲ್ಲವನ್ನೂ ಅವರು ಹಾಕಿದ್ದಾರೆ. ವಿದೇಶಿ ತಾಣಗಳಲ್ಲಿ ಡಾಲರ್ ಲೆಕ್ಕದಲ್ಲಿ ಕಾಣುವ ಎಷ್ಟೋ ಪ್ರತಿಗಳ ವಿವರದಲ್ಲಿ 'ಡೆಹ್ರಾಡೂನ್' ಎಂದೇ ಇರುತ್ತದೆ. ನಮ್ಮ ದೇಶದಿಂದ ಹೋದ ಪುಸ್ತಕವನ್ನು ಸಾಗಣೆ ಖರ್ಚು ಕೊಟ್ಟು ವಾಪಸ್ ತರಿಸಿಕೊಳ್ಳಬೇಕಾ? ಆ ಹೆಸರು ಕಂಡರೆ ನೇರವಾಗಿ ಪ್ರಕಾಶಕರಿಗೇ ಫೋನ್ ಮಾಡಿ.

ಕನ್ನಡದ ಸಸ್ಯ ಪುಸ್ತಕಗಳಿಗೆ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಮಾರಾಟ ಮಳಿಗೆಗೆ ಖುದ್ದಾಗಿ ಹೋಗುವುದೇ ಒಳ್ಳೆಯದು. ಪಟ್ಟಿಯಲ್ಲಿಲ್ಲದ ಪುಸ್ತಕ ಕಪಾಟಿನ ತಳದಲ್ಲಿ ಹಳೆ ಬೆಲೆಗೇ ಸಿಕ್ಕಿದ್ದುಂಟು. ರಾಜ್ಯೋತ್ಸವದ ರಿಯಾಯಿತಿ ಮಾರಾಟಕ್ಕೂ ಕಾದು ನೋಡಬಹುದು.

ಹಂತ 5: ಅಂಗಡಿ ಸುತ್ತಿ

ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟ್‌ನ ಬ್ಲಾಸಂ, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಬಳಿಯ ಸೆಲೆಕ್ಟ್ ಬುಕ್ ಶಾಪ್, ಇವು ಎಲ್ಲರಿಗೂ ಗೊತ್ತು. ಸೆಲೆಕ್ಟ್ 1945ರಿಂದ ಇರುವ ಅಂಗಡಿ. ಅವೆನ್ಯೂ ರಸ್ತೆಯಲ್ಲಿ ಜಾಸ್ತಿ ಸಿಗುವುದು ಪಠ್ಯಪುಸ್ತಕ. ಬಿಎಸ್ಸಿ, ಎಂಎಸ್ಸಿಯ ಹಳೆಯ ಸಸ್ಯಶಾಸ್ತ್ರ ಪುಸ್ತಕ ಬೇಕಿದ್ದರೆ ಮಾತ್ರ ಅಲ್ಲಿಗೆ ಹೋಗಿ.

ಅಂಗಡಿಯಲ್ಲಿ 'ಬಾಟನಿ' ಕಪಾಟು ನೋಡಿ ವಾಪಸ್ ಬರಬೇಡಿ. ಫ್ಲೋರಾಗಳು ತೋಟಗಾರಿಕೆ, ಆಯುರ್ವೇದ, ಪ್ರಕೃತಿ, ಗೆಜೆಟಿಯರ್, ಕೆಲವೊಮ್ಮೆ ಇತಿಹಾಸದ ಕಪಾಟಿನಲ್ಲೂ ಸೇರಿಕೊಂಡಿರುತ್ತವೆ. ಹಳೆ ಕ್ಯಾಲಿಕೋ ಬೈಂಡಿನ ಬೆನ್ನಿನ ಮೇಲಿನ ಅಕ್ಷರ ಮಾಸಿ ಏನೂ ಓದಲಾಗದ ಪುಸ್ತಕವನ್ನು ಹೊರಗೆಳೆದು ನೋಡಿ. ಅಂಗಡಿಯವರಿಗೂ ಅದೇನೆಂದು ಗೊತ್ತಿರುವುದಿಲ್ಲ. ನಿಮ್ಮ ಚೀಟಿಯ ಒಂದು ಪ್ರತಿಯನ್ನು ಫೋನ್ ನಂಬರ್ ಸಮೇತ ಕೌಂಟರ್‌ನಲ್ಲಿ ಕೊಟ್ಟು ಬನ್ನಿ.

ಅಂಗಡಿಗಿಂತ ಒಳ್ಳೆಯ ದಾರಿ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರ ಮನೆ. ಮನೆ ಖಾಲಿ ಮಾಡುವಾಗ ಇಡೀ ಸಂಗ್ರಹ ತೂಕಕ್ಕೆ ಗುಜರಿಗೆ ಹೋಗುತ್ತದೆ. ನಿಮ್ಮೂರಿನ ಕಾಲೇಜಿನ ವಿಭಾಗದಲ್ಲಿ ಒಂದು ಮಾತು ಹೇಳಿಟ್ಟಿರಿ. ಅಂಥ ಮನೆಗೆ ಹೋದಾಗ ಗುಜರಿ ರೇಟು ಕೇಳಬೇಡಿ, ಸರಿಯಾದ ಬೆಲೆ ಕೊಡಿ. ಆ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಊರ ಹೆಸರು, ಹೂ ಬಿಟ್ಟ ತಿಂಗಳು ಇರುತ್ತವೆ. ನನ್ನ ಕೇಳಿದರೆ ಅಂಥ ಪ್ರತಿ ಹೊಸದಕ್ಕಿಂತ ಮೇಲು.

ಎಚ್ಚರ: ಗ್ರಂಥಾಲಯದ ಮುದ್ರೆ ಇದ್ದು, ಅದನ್ನು ಪಟ್ಟಿಯಿಂದ ತೆಗೆದ 'ವಿತ್‌ಡ್ರಾನ್' ಮುದ್ರೆ ಇಲ್ಲದಿದ್ದರೆ ಎಲ್ಲಿಂದ ಬಂತು ಎಂದು ವಿಚಾರಿಸಿ. ಕದ್ದ ಮಾಲು ಆಗಿರಬಹುದು.

ಹಂತ 6: ಆನ್‌ಲೈನ್ ಹುಡುಕಾಟ

ಬುಕ್‌ಫೈಂಡರ್, ವಯಾಲಿಬ್ರಿ ಇವು ಹಲವು ಮಾರಾಟ ತಾಣಗಳನ್ನು ಒಟ್ಟಿಗೆ ಜಾಲಾಡುತ್ತವೆ. ಹಳೆ ಪುಸ್ತಕ ಮಾರುವ ವಿದೇಶಿ ತಾಣ ಏಬ್‌ಬುಕ್ಸ್‌ನಲ್ಲಿ ಬೇಕಾದ ಪುಸ್ತಕ ದಾಖಲಿಸಿಟ್ಟರೆ ಪ್ರತಿ ಬಂದಾಗ ಇಮೇಲ್ ಬರುತ್ತದೆ. ಆತುರವಿಲ್ಲದವರಿಗೆ ಅಗ್ಗದ ಪ್ರತಿ ಸಿಗುವುದು ಹೀಗೆ ಕಾದಾಗಲೇ. ಹುಡುಕುವಾಗ ಲೇಖಕರ ಅಡ್ಡಹೆಸರು ಮತ್ತು ಒಂದೇ ಪದ ಹಾಕಿ. 'ಗ್ಯಾಂಬಲ್ ಮದ್ರಾಸ್' ಸಾಕು. ಪೂರ್ತಿ ಹೆಸರು ಹಾಕಿದರೆ ತಪ್ಪಾಗಿ ಟೈಪ್ ಮಾಡಿದ ಪ್ರತಿಗಳು ಕಾಣುವುದೇ ಇಲ್ಲ.

ಇಲ್ಲಿ ಮೂರು ಗುಂಡಿಗಳು.

ಒಂದು, 'ಪ್ರಿಂಟ್ ಆನ್ ಡಿಮಾಂಡ್'. ಆರ್ಡರ್ ಬಂದ ಮೇಲೆ ಪುಕ್ಕಟೆ ಸ್ಕ್ಯಾನ್ ಇಳಿಸಿ ಒಂದು ಪ್ರತಿ ಮುದ್ರಿಸಿ ಕಳಿಸುವ ಪದ್ಧತಿ. ರಟ್ಟು ಚೆಂದ ಇರುತ್ತದೆ. ಒಳಗೆ ಚಿತ್ರ ಕಪ್ಪು ಮಸಿಯಾಗಿರಬಹುದು. ಮಡಚಿದ ನಕಾಶೆಯನ್ನು ಸ್ಕ್ಯಾನ್ ಮಾಡುವಾಗ ಬಿಚ್ಚದೇ ಇದ್ದರೆ ಅದರ ಮಡಿಕೆಯಷ್ಟೇ ಅಚ್ಚಾಗಿರುತ್ತದೆ. ಎಷ್ಟೋ ಸಲ 7 ಸಂಪುಟದ ಪುಸ್ತಕದ ಒಂದೇ ಸಂಪುಟವನ್ನು ಪೂರ್ತಿ ಹೆಸರಿನಲ್ಲಿ ಮಾರುತ್ತಾರೆ. ಬರಹ ಮಾತ್ರ ಸಾಕು ಎನ್ನುವವರಿಗೆ ಪರವಾಗಿಲ್ಲ. ಚಿತ್ರಕ್ಕಾಗಿ ಕೊಳ್ಳುವವರು ಹತ್ತಿರ ಹೋಗಬೇಡಿ. ಪ್ರಕಟಣೆಯ ವರ್ಷ ಈಚಿನದು, ಲೇಖಕರು ನೂರು ವರ್ಷ ಹಿಂದಿನವರು, 'ಕಪ್ಪುಬಿಳುಪು ಮರುಮುದ್ರಣ' ಎಂಬ ಸಾಲು, ಇದಿಷ್ಟು ಕಂಡರೆ ಅದೇ ಜಾತಿ.

ಎರಡು, ಹೇಳಿದ ಬೆಲೆ. ಮೂವರು ಮಾರಾಟಗಾರರು ಒಂದೇ ದೊಡ್ಡ ಬೆಲೆ ಹಾಕಿದ್ದಾರೆಂದರೆ ಆ ಬೆಲೆಗೆ ಯಾರೋ ಕೊಂಡಿದ್ದಾರೆ ಎಂದಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿರುತ್ತಾರೆ. ಇಬೇಯಲ್ಲಿ 'ಮಾರಾಟವಾದವು' ಎಂಬ ಆಯ್ಕೆ ಒತ್ತಿದರೆ ನಿಜವಾಗಿ ಮಾರಿದ ಬೆಲೆ ಕಾಣುತ್ತದೆ.

ಮೂರು, ಸಾಗಣೆ. ಏಬ್‌ಬುಕ್ಸ್‌ನಲ್ಲಿ ತೋರಿಸುವ ಅಂಚೆ ಖರ್ಚು ಸುಮಾರು ಒಂದು ಕೆಜಿಯ ಲೆಕ್ಕ. ದಪ್ಪ ಸಂಪುಟಗಳ ಸೆಟ್‌ಗೆ ಆಮೇಲೆ ಹೆಚ್ಚಿಗೆ ಕೇಳುತ್ತಾರೆ. ಕಸ್ಟಮ್ಸ್ ಸುಂಕವೂ ಬೀಳಬಹುದು. ಹೊರದೇಶದಲ್ಲಿ ನೆಂಟರಿದ್ದರೆ ಅವರ ವಿಳಾಸಕ್ಕೆ ತರಿಸಿ, ರಜಕ್ಕೆ ಬರುವಾಗ ತರಲು ಹೇಳಿ. ಒಂದು ಸಂಪುಟವಾದರೆ ಒಪ್ಪುತ್ತಾರೆ. ಏಳಾದರೆ ಅವರ ಲಗೇಜಿನ ಲೆಕ್ಕವನ್ನೂ ಸ್ವಲ್ಪ ಯೋಚಿಸಿ!

ಹಂತ 7: ದುಡ್ಡು ಹಾಕುವ ಮೊದಲು

ವಾಟ್ಸ್ಆಪ್‌ನಲ್ಲಿ ಈ ಫೋಟೊಗಳನ್ನು ಕೇಳಿ: ಹೆಸರಿನ ಪುಟ, ಅದರ ಹಿಂಬದಿ, ಚಿತ್ರಗಳ ಪಟ್ಟಿ, ಸೂಚಿಯ ಕೊನೆಯ ಪುಟ, ಬೆನ್ನು. ಹಿಂಬದಿಯಲ್ಲಿ ಮರುಮುದ್ರಣದ ವರ್ಷ ಇರುತ್ತದೆ. ಕೊನೆಯ ಪುಟ ಇದ್ದರೆ ಹಿಂದಿನ ಹಾಳೆಗಳು ಹರಿದಿಲ್ಲ ಎಂದು ಗೊತ್ತಾಗುತ್ತದೆ. ಕೊಡಲು ಹಿಂಜರಿದರೆ ಬಿಟ್ಟುಬಿಡಿ.

ಮಾರಾಟಗಾರರ ಭಾಷೆಯೂ ತಿಳಿದಿರಲಿ. 'ಗುಡ್' ಅಂದರೆ ಚೆನ್ನಾಗಿದೆ ಎಂದಲ್ಲ, ಸವೆದಿದೆ ಆದರೆ ಪುಟಗಳಿವೆ ಎಂದು. 'ರೀಡಿಂಗ್ ಕಾಪಿ' ಅಂದರೆ ನೋಡಲು ಅಂದವಿಲ್ಲ, ಓದಲು ಅಡ್ಡಿಯಿಲ್ಲ. ನಮಗೆ ಬೇಕಾದ್ದು ಇದೇ. 'ಫಾಕ್ಸಿಂಗ್' ಅಂದರೆ ಕಾಗದದ ಮೇಲಿನ ಕಂದು ಚುಕ್ಕೆ, ಓದಲು ತೊಂದರೆಯಿಲ್ಲ. 'ಎಕ್ಸ್-ಲೈಬ್ರರಿ' ಅಂದರೆ ಗ್ರಂಥಾಲಯದಿಂದ ಹೊರಬಂದದ್ದು. ಮುದ್ರೆ, ಚೀಟಿ ಎಲ್ಲ ಇರುತ್ತವೆ, ಬೆಲೆ ಕಡಿಮೆ, ಬೈಂಡಿಂಗ್ ಗಟ್ಟಿ. 'ವಿತ್‌ಡ್ರಾನ್' ಮುದ್ರೆ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. 'ಲ್ಯಾಕ್ಸ್ ಪ್ಲೇಟ್ಸ್' ಎಂದಿದ್ದರೆ ಚಿತ್ರಗಳಿಲ್ಲ. ಚಿತ್ರ ಬಿಎಚ್‌ಎಲ್‌ನಲ್ಲಿ ಸಿಗುವ ಪುಸ್ತಕವಾದರೆ ಇದೂ ಒಳ್ಳೆಯ ವ್ಯಾಪಾರವೇ.

ಹಂತ 8: ತರಿಸುವುದು, ಬಂದ ಮೇಲೆ ನೋಡುವುದು

ದೇಶದೊಳಗೆ ತರಿಸಲು ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಇದೆ. 2025ರ ಮೇ 1ರಂದು ಶುರುವಾಯಿತು. ಆಗ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ, ರೈಲಿನಲ್ಲಿ ಬರುವುದರಿಂದ ನಿಧಾನ. ಕೊರಿಯರ್‌ಗೆ ಹೋಲಿಸಿದರೆ ದಪ್ಪ ಪುಸ್ತಕಕ್ಕೆ ತುಂಬ ಉಳಿತಾಯ. ಮಾರಾಟಗಾರರಿಗೆ ಇದರ ಹೆಸರು ಹೇಳಿ ಕೇಳಿ. ಮಳೆಗಾಲವಾದರೆ ಮೊದಲು ಪ್ಲಾಸ್ಟಿಕ್, ಆಮೇಲೆ ರಟ್ಟು ಸುತ್ತಲು ಹೇಳಿ.

ಪಾರ್ಸೆಲ್ ಬಂದ ದಿನವೇ ಚಿತ್ರಗಳನ್ನು ಪಟ್ಟಿಯ ಜೊತೆ ಇಟ್ಟು ಎಣಿಸಿ. ವಾಪಸ್ ಕಳಿಸುವ ಗಡುವು ಮುಗಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಬೂಸ್ಟು ವಾಸನೆ ಇದ್ದರೆ, ಸಣ್ಣ ತೂತುಗಳಿದ್ದರೆ ಬೇರೆ ಪುಸ್ತಕಗಳ ಜೊತೆ ಇಡಬೇಡಿ. ಪುಟ ಬಿಡಿಸಿ ಗಾಳಿಗೆ ನೆರಳಲ್ಲಿಡಿ, ಬಿಸಿಲಿಗೆ ಬೇಡ.

ಬೈಂಡಿಂಗ್ ಕಿತ್ತಿದ್ದರೆ ಹೊಸದು ಮಾಡಿಸಬಹುದು. ಆದರೆ ಬೈಂಡರ್‌ಗೆ "ಅಂಚು ಕತ್ತರಿಸಬೇಡಿ" ಎಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಡಿ, ಬಾಯಲ್ಲಿ ಹೇಳಿದರೆ ಸಾಲದು. ಅವರು ಮೂರು ಕಡೆಯೂ ನೀಟಾಗಿ ಕತ್ತರಿಸಿಬಿಡುತ್ತಾರೆ. ಚಿತ್ರದ ಸಂಖ್ಯೆ ಇರುವುದು ಆ ಮೂಲೆಯಲ್ಲೇ.